ಬುಲೆಟ್ ರೈಲಿಗೂ ಗೂಡ್ಸ್ ಗಾಡಿಗೂ ಒಂದೇ ಹಳಿ ಏಕಾಗದು

ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಒಂದು ಭಾಗದ ಗಾಡಿಗಳ ಓಟವನ್ನು ನಿರ್ದೇಶಿಸುವ ಸೆಕ್ಷನ್ ಕಂಟ್ರೋಲರ್ ಎದುರಿಗೆ ಹಿಂದೆಲ್ಲ ಮೇಜಿನ ಅಗಲಕ್ಕೂ ಹಾಸಿದ ಒಂದು ಚಾರ್ಟ್ ಇರುತ್ತಿತ್ತು. ಈಗ ಅದೇ ಚಿತ್ರ ಕಂಪ್ಯೂಟರ್ ಪರದೆಗೆ ಬಂದಿದೆ. ಅಡ್ಡಕ್ಕೆ ಗಂಟೆಗಳು, ಉದ್ದಕ್ಕೆ ಸ್ಟೇಷನ್ನುಗಳು, ಓಡುವ ಪ್ರತಿಯೊಂದು ಗಾಡಿಗೂ ಒಂದು ಓರೆಗೆರೆ. ಎಕ್ಸ್‌ಪ್ರೆಸ್ ಗಾಡಿಯ ಗೆರೆ ಕಡಿದಾಗಿ ನಿಂತಿರುತ್ತದೆ, ಗೂಡ್ಸ್ ಗಾಡಿಯದು ಮಲಗಿದಂತಿರುತ್ತದೆ. ಈ ಎರಡು ಗೆರೆಗಳು ಸ್ಟೇಷನ್ ಇಲ್ಲದ ಜಾಗದಲ್ಲಿ ಒಂದನ್ನೊಂದು ಕತ್ತರಿಸುವಂತಿಲ್ಲ ಎಂಬುದೊಂದೇ ನಿಯಮ. ನಾನು ಹಳಿ ನಿರ್ವಹಣೆಯ ಕಡೆಯವನಾದರೂ, ದುರಸ್ತಿಗೆ ಒಂದೆರಡು ಗಂಟೆಯ ಬ್ಲಾಕ್, ಅಂದರೆ ಗಾಡಿ ಓಡಿಸದೆ ಹಳಿಯನ್ನು ನಮಗೆ ಬಿಟ್ಟುಕೊಡುವ ಹೊತ್ತನ್ನು, ಬೇಡಿ ಆ ಚಾರ್ಟಿನ ಮುಂದೆ ಕಾದು ಕುಳಿತ ದಿನಗಳು ಬಹಳ. ವೇಗದ ಪ್ರಯಾಣಿಕ ಗಾಡಿಗಳನ್ನೂ ಭಾರದ ಸರಕು ಗಾಡಿಗಳನ್ನೂ ಬೇರೆ ಬೇರೆ ಹಳಿಗೆ ಹಾಕಬೇಕೆನ್ನುವ ವಾದ ನನಗೆ ಅರ್ಥವಾದದ್ದು ಅಲ್ಲಿಯೇ.

ಲೆಕ್ಕ ಸರಳವಾಗಲೆಂದು ನೂರು ಕಿ.ಮೀ. ಉದ್ದದ, ನಡುವೆ ಎಲ್ಲಿಯೂ ಹಿಂದಿಕ್ಕಲು ಅವಕಾಶವಿಲ್ಲದ ಒಂದು ಮಾರ್ಗವನ್ನು ತೆಗೆದುಕೊಳ್ಳೋಣ. ಗಂಟೆಗೆ 50 ಕಿ.ಮೀ. ವೇಗದ ಗೂಡ್ಸ್ ಗಾಡಿ ಬೆಳಿಗ್ಗೆ 6ಕ್ಕೆ ಹೊರಟರೆ 8ಕ್ಕೆ ಆ ತುದಿ ಸೇರುತ್ತದೆ. ಅದರ ಹಿಂದಿನ, 100 ಕಿ.ಮೀ. ವೇಗದ ಎಕ್ಸ್‌ಪ್ರೆಸ್ ಹತ್ತು ನಿಮಿಷದ ಅಂತರವಿಟ್ಟುಕೊಂಡು 8.10ಕ್ಕೆ ತಲುಪಬೇಕೆಂದರೆ 7.10ಕ್ಕೆ ಮುಂಚೆ ಹೊರಡುವಂತಿಲ್ಲ. ಎಲ್ಲ ಗಾಡಿಗಳ ವೇಗವೂ ಒಂದೇ ಆಗಿದ್ದರೆ ಈ ಎಪ್ಪತ್ತು ನಿಮಿಷಗಳ ನಡುವೆ ಹತ್ತು ನಿಮಿಷಕ್ಕೊಂದರಂತೆ ಇನ್ನೂ ಆರು ಗಾಡಿಗಳನ್ನು ಬಿಡಬಹುದಿತ್ತು. ಈಗ ಎಕ್ಸ್‌ಪ್ರೆಸ್ಸಿನ ವೇಗವನ್ನು 160ಕ್ಕೆ ಏರಿಸಿ ನೋಡಿ: ಅದು ನೂರು ಕಿ.ಮೀ.ಯನ್ನು ಮೂವತ್ತೇಳೂವರೆ ನಿಮಿಷದಲ್ಲಿ ದಾಟುವುದರಿಂದ 7.32ರವರೆಗೆ ಕಾಯಬೇಕಾಗುತ್ತದೆ, ಎಪ್ಪತ್ತು ನಿಮಿಷದ ಖಾಲಿ ಜಾಗ ತೊಂಬತ್ತೆರಡಕ್ಕೆ ಬೆಳೆಯುತ್ತದೆ. ಮಿಶ್ರ ಮಾರ್ಗದಲ್ಲಿ ಕೆಲವೇ ಗಾಡಿಗಳ ವೇಗ ಹೆಚ್ಚಿಸಿದರೆ ಒಟ್ಟಾರೆ ಓಡಿಸಬಹುದಾದ ಗಾಡಿಗಳ ಸಂಖ್ಯೆ ಕುಗ್ಗುತ್ತದೆ. ಹೊಸ ವೇಗದ ರೈಲಿಗೆ ಹಸಿರು ಬಾವುಟ ತೋರಿಸುವ ದಿನ ಈ ಮಾತನ್ನು ಯಾರೂ ಆಡುವುದಿಲ್ಲ, ಆಡಿದರೆ ಸಮಾರಂಭದ ಕಳೆ ಕೆಡುತ್ತದೆ.

ವಾಸ್ತವದಲ್ಲಿ ನಡುನಡುವೆ ಸ್ಟೇಷನ್ನುಗಳಲ್ಲಿ ಲೂಪ್ ಲೈನುಗಳೆಂಬ ಪಕ್ಕದ ಹಳಿಗಳಿರುತ್ತವೆ, ಗೂಡ್ಸ್ ಗಾಡಿಯನ್ನು ಪಕ್ಕಕ್ಕೆ ಸರಿಸಿ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲಾಗುತ್ತದೆ. ಆದರೆ ಐದು ಸಾವಿರ ಟನ್ ತೂಕದ ರೇಕ್ ಒಂದನ್ನು, ಅಂದರೆ ವ್ಯಾಗನ್ನುಗಳ ಪೂರ್ತಿ ಸಾಲನ್ನು, ನಿಲ್ಲಿಸಿ ಮತ್ತೆ ಹೊರಡಿಸುವುದು ಬಸ್ಸನ್ನು ಸ್ಟಾಪಿನಲ್ಲಿ ನಿಲ್ಲಿಸಿದಂತಲ್ಲ. ಬ್ರೇಕ್ ಬಿಡಲು, ನಿಧಾನವಾಗಿ ಎಳೆದುಕೊಂಡು ಮೇನ್ ಲೈನಿಗೆ ಬರಲು, ಹಳೆಯ ವೇಗ ಪಡೆಯಲು ಹಿಡಿಯುವ ಹೊತ್ತು ಕೆಲವೊಮ್ಮೆ ನಿಂತ ಹೊತ್ತಿಗಿಂತ ಹೆಚ್ಚಾಗುತ್ತದೆ, ಅಷ್ಟರಲ್ಲಿ ಹಿಂದೆ ಇನ್ನೊಂದು ಎಕ್ಸ್‌ಪ್ರೆಸ್ ಬಂದಿರುತ್ತದೆ. ನಮ್ಮ ಸರಕು ಗಾಡಿಗಳ ಸರಾಸರಿ ವೇಗ ಬಹುಕಾಲ ಗಂಟೆಗೆ 25 ಕಿ.ಮೀ. ಆಸುಪಾಸಿನಲ್ಲೇ ಉಳಿಯಲು ಎಂಜಿನ್ನಿನ ಶಕ್ತಿಯ ಕೊರತೆಗಿಂತ ಲೂಪ್ ಲೈನಿನ ಕಾಯುವಿಕೆಯೇ ದೊಡ್ಡ ಕಾರಣ.

ಇದು ಕಾಲದ ಜಗಳವಾಯಿತು. ಇನ್ನೊಂದು ಜಗಳ ನೆಲದ ಮೇಲಿನದು, ಅದು ನನ್ನ ಕಸುಬಿಗೆ ಹತ್ತಿರದ್ದು. ಓಡುವ ಗಾಡಿ ಹೊರಕ್ಕೆ ವಾಲದಿರಲೆಂದು ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಸ್ವಲ್ಪ ಎತ್ತರಿಸಿ ಕೂರಿಸುತ್ತೇವೆ. ನಾವು ಅದನ್ನು ಕ್ಯಾಂಟ್ ಎನ್ನುತ್ತೇವೆ, ಎಷ್ಟು ಮಿ.ಮೀ. ಎಂಬುದನ್ನು ಒಳಹಳಿಯ ಪಕ್ಕೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುತ್ತೇವೆ. 1,750 ಮೀಟರ್ ತ್ರಿಜ್ಯದ, ಅಷ್ಟೇನೂ ಬಿಗಿಯಲ್ಲದ ತಿರುವಿನಲ್ಲಿ ಗಂಟೆಗೆ 60 ಕಿ.ಮೀ. ವೇಗದ ಗಾಡಿಗೆ ಸರಿಹೊಂದುವ ಎತ್ತರ 28 ಮಿ.ಮೀ. ಅದೇ ತಿರುವಿನಲ್ಲಿ 130ರ ವೇಗಕ್ಕೆ 133 ಮಿ.ಮೀ. ಬೇಕು, 160ಕ್ಕೆ 200 ಮಿ.ಮೀ. ದಾಟುತ್ತದೆ. ಹಳಿ ಮಾತ್ರ ಒಂದೇ, ಆದ್ದರಿಂದ ನಡುವಿನ ಯಾವುದೋ ಎತ್ತರವನ್ನಿಟ್ಟು ಇಬ್ಬರಿಗೂ ಅರ್ಧ ಅನ್ಯಾಯ ಮಾಡುತ್ತೇವೆ. ಗೂಡ್ಸ್ ಗಾಡಿ ಒಳಗಿನ ಹಳಿಯ ಮೇಲೆ ವಾಲಿ ಅದರ ತಲೆಯನ್ನು ಚಪ್ಪಟೆ ಮಾಡುತ್ತದೆ, ಎಕ್ಸ್‌ಪ್ರೆಸ್ ಹೊರಗಿನ ಹಳಿಯ ಒಳಪಕ್ಕವನ್ನು ಸವೆಸುತ್ತದೆ. ಅಂಥ ತಿರುವಿನಲ್ಲಿ ಮೊಣಕಾಲೂರಿ ಕುಳಿತು ಹಳಿಯ ಮೇಲೆ ಬೆರಳಾಡಿಸಿದರೆ ಒಂದು ಕಡೆ ಹಪ್ಪಳದ ಅಂಚಿನಂತೆ ಹೊರಚಾಚಿದ ಉಕ್ಕು, ಇನ್ನೊಂದು ಕಡೆ ಚಾಕುವಿನಿಂದ ಹೆರೆದಂಥ ಇಳಿಜಾರು ಕೈಗೆ ಸಿಗುತ್ತದೆ.

ಏರಿನ ಮಾತಿಗೆ ಬಂದರೆ ಈ ಎರಡು ಬಗೆಯ ಗಾಡಿಗಳು ಇನ್ನೂ ದೂರವಾಗುತ್ತವೆ. 1981ರಲ್ಲಿ ತೆರೆದ ಫ್ರಾನ್ಸಿನ ಪ್ಯಾರಿಸ್–ಲಿಯಾನ್ ಹೈಸ್ಪೀಡ್ ಮಾರ್ಗವನ್ನು ಪ್ರಯಾಣಿಕ ಗಾಡಿಗಳಿಗೆ ಮಾತ್ರ ಮೀಸಲಿಟ್ಟಿದ್ದರಿಂದ ಅಲ್ಲಿ ಸಾವಿರಕ್ಕೆ 35ರ ಏರನ್ನು, ಅಂದರೆ ಹೆಚ್ಚುಕಡಿಮೆ 28 ಮೀಟರಿಗೆ ಒಂದು ಮೀಟರ್ ಏರುವುದನ್ನು, ಒಪ್ಪಿಕೊಂಡರು. ಹೀಗಾಗಿ ಗುಡ್ಡಗಳ ಮೇಲೆಯೇ ಹಳಿ ಹಾಯಿಸಿ, ಒಂದೂ ಸುರಂಗ ಕೊರೆಯದೆ ಆ ಮಾರ್ಗವನ್ನು ಮುಗಿಸಲು ಸಾಧ್ಯವಾಯಿತು. ನಮ್ಮ ಕ್ಯಾಸಲ್‌ರಾಕ್–ಕುಲೆಂ ಘಾಟಿಯ ಏರು 37ಕ್ಕೆ ಒಂದು, ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯದು 50ಕ್ಕೆ ಒಂದು. ಫ್ರಾನ್ಸಿನ ವೇಗದ ರೈಲು ನಮ್ಮ ಪಶ್ಚಿಮಘಟ್ಟದ ಹಳಿಗಿಂತಲೂ ಕಡಿದಾದ ಏರನ್ನು ಸಲೀಸಾಗಿ ಹತ್ತುತ್ತದೆ, ಏಕೆಂದರೆ ಅದರ ತೂಕ ಕಡಿಮೆ, ಶಕ್ತಿ ಹೆಚ್ಚು, ಜೊತೆಗೆ ಓಟದ ಬಿರುಸೂ ಇದೆ. ಐದು ಸಾವಿರ ಟನ್ನಿನ ಗೂಡ್ಸ್ ಗಾಡಿಯಾದರೋ 50ಕ್ಕೆ ಒಂದರ ಏರಿನಲ್ಲಿ ಬರೀ ತನ್ನ ತೂಕವನ್ನು ಮೇಲೆಳೆಯುವುದಕ್ಕೇ ನೂರು ಟನ್ ಬಲ ಬೇಡುತ್ತದೆ. 200ಕ್ಕೆ ಒಂದರ ಏರಿನಲ್ಲಿ ಇಪ್ಪತ್ತೈದು ಟನ್ ಸಾಕು. ಘಾಟಿಯಲ್ಲಿ ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್ನುಗಳನ್ನು ಜೋಡಿಸುವುದು ಇದೇ ಕಾರಣಕ್ಕೆ. ದೇಶದ ಪ್ರತ್ಯೇಕ ಸರಕು ಕಾರಿಡಾರುಗಳ ಗರಿಷ್ಠ ಏರನ್ನು 200ಕ್ಕೆ ಒಂದು ಎಂದು ನಿಗದಿಪಡಿಸಿದ್ದೂ ಇದೇ ಲೆಕ್ಕದಿಂದ.

ಎರಡನ್ನೂ ಒಂದೇ ಹೊಸ ಹಳಿಯ ಮೇಲೆ ಓಡಿಸಲು ಹೊರಟವರು ಜರ್ಮನಿಯವರು. 1991ರಲ್ಲಿ ಪೂರ್ತಿಯಾಗಿ ತೆರೆದ ಹ್ಯಾನೋವರ್–ವ್ಯೂರ್ತ್ಸ್‌ಬರ್ಗ್ ಮಾರ್ಗದಲ್ಲಿ ಸರಕು ಗಾಡಿಗಳೂ ಓಡಬೇಕೆಂದು ಏರನ್ನು ಸಾವಿರಕ್ಕೆ ಹನ್ನೆರಡೂವರೆಗೆ ಮಿತಿಗೊಳಿಸಿದರು. ಪರಿಣಾಮವಾಗಿ 327 ಕಿ.ಮೀ. ಮಾರ್ಗದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸುರಂಗದೊಳಗೆ ಸೇರಿತು. ಅಷ್ಟು ಖರ್ಚು ಮಾಡಿದ ಮೇಲೂ, ಸುರಂಗದೊಳಗೆ ವೇಗದ ಗಾಡಿ ಎದುರಾದಾಗ ಏಳುವ ಗಾಳಿಯ ಒತ್ತಡ ಸರಕು ಗಾಡಿಗೆ ಅಪಾಯವಾಗುವುದರಿಂದ ಸರಕನ್ನು ರಾತ್ರಿಗೆ ದೂಡಬೇಕಾಯಿತು. ರಾತ್ರಿ ನಮ್ಮಂಥವರು ಹಳಿ ನೋಡಿಕೊಳ್ಳುವ ಹೊತ್ತು.

ಭಾರತದಲ್ಲಿ ಈ ಪಾಠ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮುಂಬೈ–ಅಹಮದಾಬಾದ್ ಪಟ್ಟಿಯಲ್ಲಿ. ಅಲ್ಲಿ ಮೂರು ಬಗೆಯ ಹಳಿಗಳು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಸಾಗುತ್ತವೆ. ಮೊದಲನೆಯದು ಪಶ್ಚಿಮ ರೈಲ್ವೆಯ ಹಳೆಯ ಮುಖ್ಯ ಮಾರ್ಗ. ಎರಡನೆಯದು ದೆಹಲಿ ಬಳಿಯ ದಾದ್ರಿಯಿಂದ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನವರೆಗೆ 1,506 ಕಿ.ಮೀ. ಉದ್ದದ ಪಶ್ಚಿಮ ಸರಕು ಕಾರಿಡಾರ್. ಇದರ ಹಳಿ ಪ್ರತಿ ಅಚ್ಚಿಗೆ 25 ಟನ್ ಭಾರಕ್ಕೂ, ಸೇತುವೆಗಳು 32.5 ಟನ್ನಿಗೂ ರೂಪಿತವಾಗಿವೆ. ಒಂದರ ಮೇಲೊಂದು ಕಂಟೇನರ್ ಹೇರಿದ ಗಾಡಿಗಳು ಹಾಯುವಂತೆ ಇಲ್ಲಿಯ ವಿದ್ಯುತ್ ತಂತಿಯನ್ನು ಸುಮಾರು ಏಳೂವರೆ ಮೀಟರ್ ಎತ್ತರಕ್ಕೆ ಕಟ್ಟಲಾಗಿದೆ. ಸಾಮಾನ್ಯ ಮಾರ್ಗಗಳಲ್ಲಿ ಅದು ಐದೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. 2021ರ ಜನವರಿ 7ರಂದು ರೇವಾಡಿ–ಮದಾರ್ ಭಾಗ ಉದ್ಘಾಟನೆಯಾದಾಗ ಒಂದೂವರೆ ಕಿ.ಮೀ. ಉದ್ದದ ಅಂಥದೊಂದು ಗಾಡಿ ಓಡಿತು. ಹಳೆಯ ಮಾರ್ಗದ ಲೂಪ್ ಲೈನುಗಳ ಉದ್ದ ಅದರ ಅರ್ಧದಷ್ಟು ಮಾತ್ರ. ಅಂಥ ಗಾಡಿಯನ್ನು ಅಲ್ಲಿ ಪಕ್ಕಕ್ಕೆ ಸರಿಸಲು ಹೋದರೆ ಬಾಲ ಮೇನ್ ಲೈನಿನಲ್ಲೇ ಉಳಿಯುತ್ತದೆ.

ಮೂರನೆಯದು 2017ರ ಸೆಪ್ಟೆಂಬರ್ 14ರಂದು ಅಡಿಗಲ್ಲು ಬಿದ್ದ 508 ಕಿ.ಮೀ. ಉದ್ದದ, 12 ನಿಲ್ದಾಣಗಳ ಬುಲೆಟ್ ರೈಲು ಮಾರ್ಗ. ಗಂಟೆಗೆ 320 ಕಿ.ಮೀ. ವೇಗದ ಓಟಕ್ಕೆಂದು ಇದನ್ನು ರೂಪಿಸಿದ್ದು, ಹಳಿಯ ಅಗಲ ನಮ್ಮ 1,676 ಮಿ.ಮೀ. ಬ್ರಾಡ್‌ಗೇಜ್ ಅಲ್ಲ, 1,435 ಮಿ.ಮೀ. ಬೇರೆ ಅಗಲದ ಹಳಿಯನ್ನು ಆರಿಸಿದ್ದಕ್ಕೆ ಆಕ್ಷೇಪಗಳಿವೆ, ಅವುಗಳಲ್ಲಿ ಒಂದು ನ್ಯಾಯವಾದದ್ದು: ಈ ಗಾಡಿ ಕೊನೆಯ ನಿಲ್ದಾಣ ದಾಟಿ ಹಳೆಯ ಹಳಿಯ ಮೇಲೆ ಮುಂದಿನ ಊರಿಗೆ ಹೋಗಲಾರದು. ಫ್ರಾನ್ಸಿನಲ್ಲಿ ಹಳೆಯ ಮತ್ತು ಹೊಸ ಹಳಿಗಳ ಅಗಲ ಒಂದೇ ಇದ್ದುದರಿಂದ ವೇಗದ ರೈಲು ಹೊಸ ಮಾರ್ಗ ಮುಗಿದ ಮೇಲೂ ದೂರದ ಊರುಗಳಿಗೆ ಓಡಿತು. ಜಪಾನ್ ನಮ್ಮಂತೆಯೇ ಅಗಲ ಬದಲಿಸಿತು. 1964ರಲ್ಲಿ ತೋಕಾಯ್ಡೊ ಶಿಂಕಾನ್ಸೆನ್ ಶುರುವಾದ ಮೇಲೆ ದೂರದ ವೇಗದ ಗಾಡಿಗಳು ಹೊಸ ಹಳಿಗೆ ಹೋದವು, ಸರಕು ಹಳೆಯ 1,067 ಮಿ.ಮೀ. ಹಳಿಯಲ್ಲೇ ಉಳಿಯಿತು.

ಎರಡು ಹೊಸ ಮಾರ್ಗಗಳನ್ನೂ ನಿಜಕ್ಕೂ ಕಾಡಿದ್ದು ಮಹಾರಾಷ್ಟ್ರದ ತುದಿ. ಸರಕು ಕಾರಿಡಾರಿನಲ್ಲಿ ಎಲ್ಲಕ್ಕಿಂತ ಕೊನೆಗೆ ಉಳಿದದ್ದು ವೈತರಣಾದಿಂದ ನೆಹರು ಬಂದರಿನವರೆಗಿನ ನೂರು ಕಿ.ಮೀ. ಆಸುಪಾಸಿನ ತುಂಡು. ಬುಲೆಟ್ ರೈಲಿನ ಭೂಸ್ವಾಧೀನವೂ ಪಾಲ್ಘರ್ ಭಾಗದಲ್ಲಿ ವರ್ಷಗಟ್ಟಲೆ ನಿಂತಿತು. ಮುಂಬೈನ ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನಿಂದ ಶಿಲ್‌ಫಾಟಾವರೆಗಿನ 21 ಕಿ.ಮೀ. ಸುರಂಗದಲ್ಲಿ ಏಳು ಕಿ.ಮೀ. ಠಾಣೆ ಖಾರಿಯ ಅಡಿಯಲ್ಲಿ ಸಾಗುತ್ತದೆ. ಬಯಲಿನಲ್ಲಿ ನೂರಾರು ಕಿ.ಮೀ. ಮುಗಿದರೂ ಬಂದರಿನ ಬಾಗಿಲು ಮುಟ್ಟದ ಸರಕು ಮಾರ್ಗ ಆ ಬಂದರಿನ ಮಟ್ಟಿಗೆ ಅರ್ಧ ಮಾರ್ಗವೇ. ಗುಜರಾತಿನ ಮುಂದ್ರಾ, ಪಿಪಾವಾವ್ ಬಂದರುಗಳು ಉತ್ತರದ ಭಾಗಕ್ಕೆ ಕೂಡಿಕೊಂಡು ಮೊದಲು ಲಾಭ ಪಡೆದವು. ಕಷ್ಟದ ತುದಿಯ ಜಮೀನನ್ನು ಮೊದಲು ಕೈಗೆ ತೆಗೆದುಕೊಂಡು, ಸುಲಭದ ನಡುಭಾಗವನ್ನು ಆಮೇಲೆ ಕಟ್ಟಬೇಕೆಂಬುದು ನನ್ನ ಅಭಿಪ್ರಾಯ. ಪ್ರಗತಿಯ ಶೇಕಡಾವಾರು ತೋರಿಸಬೇಕಾದ ಒತ್ತಡದಲ್ಲಿ ಎಲ್ಲ ಕಡೆಯೂ ಇದರ ತಿರುಗುಮುರುಗೇ ನಡೆಯುತ್ತದೆ.

ಕರ್ನಾಟಕಕ್ಕೆ ಸಂಬಂಧಿಸಿದಂತೆ ಚೆನ್ನೈ–ಬೆಂಗಳೂರು–ಮೈಸೂರು ನಡುವಿನ ಸುಮಾರು 435 ಕಿ.ಮೀ. ಹೈಸ್ಪೀಡ್ ಮಾರ್ಗ ಅಧ್ಯಯನದ ಪಟ್ಟಿಗೆ ಸೇರಿ ವರ್ಷಗಳಾದವು. 2022ರ ನವೆಂಬರಿನಿಂದ ಮೈಸೂರು–ಚೆನ್ನೈ ವಂದೇ ಭಾರತ್ ಓಡುತ್ತಿದೆ, ಅದು ಓಡುವುದು ಗೂಡ್ಸ್ ಗಾಡಿಗಳೂ ಓಡುವ ಹಳಿಯ ಮೇಲೆಯೇ. ಆ ಮಾರ್ಗದಲ್ಲಿ ಇನ್ನಷ್ಟು ವೇಗದ ಗಾಡಿಗಳನ್ನು ಸೇರಿಸುತ್ತಾ ಹೋದರೆ ಮೇಲೆ ಹೇಳಿದ ತೊಂಬತ್ತೆರಡು ನಿಮಿಷದ ಲೆಕ್ಕ ಇಲ್ಲಿಯೂ ಎದುರಾಗುತ್ತದೆ. ಹೊಸ ಮಾರ್ಗದ ಯೋಜನಾ ವರದಿಯಲ್ಲಿ ಪ್ರಯಾಣದ ಸಮಯ ಎಷ್ಟು ಉಳಿಯುತ್ತದೆಂದು ಮಾತ್ರ ನೋಡಿದರೆ ಸಾಲದು. ಹಳೆಯ ಹಳಿಯಿಂದ ಎಷ್ಟು ಎಕ್ಸ್‌ಪ್ರೆಸ್ಸುಗಳು ತೆರವಾಗುತ್ತವೆ, ತೆರವಾದ ಜಾಗದಲ್ಲಿ ಎಷ್ಟು ಗೂಡ್ಸ್ ಮತ್ತು ಎಷ್ಟು ಲೋಕಲ್ ಗಾಡಿಗಳು ಓಡಬಹುದು ಎಂಬ ಪುಟವೂ ಅದರಲ್ಲಿರಬೇಕು. ಘಾಟಿಗಳ ಪ್ರಶ್ನೆ ಬೇರೆ. ಮಂಗಳೂರಿನ ಬಂದರಿಗಾಗಲಿ, ಮುರ್ಮುಗೋವಾಕ್ಕಾಗಲಿ ಸರಕಿಗೆಂದು ಹೊಸ ಹಳಿ ಹಾಕುವವರು 200ಕ್ಕೆ ಒಂದರ ಏರನ್ನು ಹಿಡಿದುಕೊಂಡು ಕುಳಿತರೆ ಮಳೆಕಾಡಿನ ಅಡಿಯಲ್ಲಿ ಬಹಳ ಉದ್ದದ ಸುರಂಗವೇ ಗತಿ. ಅದಕ್ಕಿಂತ ಬ್ಯಾಂಕರ್ ಎಂಜಿನ್ನುಗಳ ಖರ್ಚನ್ನು ಸಹಿಸಿಕೊಂಡು, ಈಗಿರುವ ಘಾಟಿಯ ಎರಡೂ ತುದಿಯ ಸ್ಟೇಷನ್ನುಗಳಲ್ಲಿ ಲೂಪ್ ಲೈನುಗಳನ್ನು ಉದ್ದ ಮಾಡುವುದು ಸದ್ಯಕ್ಕೆ ಜಾಣತನ. ಮೇಲೆ ಒಂದು, ಕೆಳಗೆ ಒಂದು ಪೂರ್ತಿ ರೇಕ್ ನಿಲ್ಲುವಷ್ಟು ಜಾಗವಿದ್ದರೆ ಘಾಟಿಯ ಒಂಟಿ ಹಳಿ ಖಾಲಿಯಾದ ಕೂಡಲೇ ಮುಂದಿನ ಗಾಡಿಯನ್ನು ಹತ್ತಿಸಬಹುದು.