ಹರಿಯುವ ನೀರಿನಿಂದಲೇ ತಾಮ್ರದ ಪೈಪು ತೂತಾಗುತ್ತದೆಯೇ?

ಪ್ರಶ್ನೆ: ನಮ್ಮ ಬಿಸಿನೀರಿನ ತಾಮ್ರದ ಪೈಪು ಎಲ್ಬೋ (ಪೈಪನ್ನು ತಿರುಗಿಸುವ ಬಾಗಿದ ತುಂಡು) ಪಕ್ಕದಲ್ಲೇ ಸೋರುತ್ತಿದೆ. ಉಳಿದೆಡೆ ಹೊಸದರಂತಿದೆ. ನೀರು ಹರಿದು ಹರಿದು ತಾಮ್ರ ಸವೆಯುವುದುಂಟೇ?

ಉತ್ತರ: ಉಂಟು. ಆದರೆ ನೀರು ಲೋಹವನ್ನು ಉಜ್ಜಿ ತೆಗೆಯುತ್ತದೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಹೊಸ ಪೈಪಿನಲ್ಲಿ ನೀರು ಹರಿಯತೊಡಗಿದ ಮೇಲೆ ಒಳಮೈಗೆ ಕ್ಯುಪ್ರಸ್ ಆಕ್ಸೈಡಿನ, ಅಂದರೆ ತಾಮ್ರವೂ ಆಮ್ಲಜನಕವೂ ಸೇರಿ ಆಗುವ ವಸ್ತುವಿನ, ತೆಳುವಾದ ಪದರ ಕಟ್ಟುತ್ತದೆ. ತಾಮ್ರ ದಶಕಗಟ್ಟಲೆ ಬಾಳುವುದು ಈ ಪದರದ ಬಲದಿಂದಲೇ. ರಭಸದ ಹರಿವು ಕಿತ್ತೊಯ್ಯುವುದು ಇದನ್ನು. ಬಯಲಾದ ತಾಮ್ರವನ್ನು ತಿನ್ನುವ ಕೆಲಸ ನೀರಿನಲ್ಲಿ ಕರಗಿರುವ ಆಮ್ಲಜನಕದ್ದು. ಪದರ ಮತ್ತೆ ಕಟ್ಟಿಕೊಳ್ಳುವಷ್ಟರಲ್ಲಿ ಅದೂ ಕೊಚ್ಚಿಹೋಗುತ್ತದೆ.

ಎಲ್ಬೋ ಪಕ್ಕವೇ ಏಕೆ? ನೇರ ಪೈಪಿನಲ್ಲಿ ಸಲೀಸಾಗಿ ಸಾಗುವ ನೀರು ತಿರುವಿನಲ್ಲಿ ಗೋಡೆಗೆ ಬಡಿದು, ಅದನ್ನು ದಾಟಿದೊಡನೆ ಸುಳಿಯಾಗುತ್ತದೆ. ಇನ್ನೊಂದು ಕಾರಣ, ಬಹಳ ಸಲ ನಿಜವಾದ ಕಾರಣ, ಪ್ಲಂಬರನ ಅವಸರ. ಪೈಪು ಕತ್ತರಿಸಿದಾಗ ಒಳಅಂಚಿನಲ್ಲಿ ಏಳುವ ಚೂಪನ್ನು ಕೆರೆದು ತೆಗೆಯದಿದ್ದರೆ, ಇಲ್ಲವೇ ಬೆಸುಗೆಯ ಹನಿ ಒಳಗಿಳಿದು ಗಟ್ಟಿಯಾಗಿದ್ದರೆ, ಅದರ ಹಿಂದೆಯೇ ಸುಳಿ ಏಳುತ್ತದೆ.

ಸೋರುವ ತುಂಡನ್ನು ಉದ್ದಕ್ಕೆ ಸೀಳಿಸಿ ನೋಡಿ. ಸವೆದ ಜಾಗದಲ್ಲಿ ಕಿಲುಬು ಇರುವುದಿಲ್ಲ. ತಾಮ್ರ ಥಳಥಳ ಹೊಳೆಯುತ್ತಿರುತ್ತದೆ. ಅಲ್ಲಿನ ಗುಳಿಗಳು ಹರಿವಿಗೆ ಎದುರಾಗಿ ಕುದುರೆ ನಡೆದುಹೋದ ಲಾಳದ ಗುರುತುಗಳಂತಿರುತ್ತವೆ. ಇದು ಕಂಡರೆ ಬೇರೆ ಸಾಕ್ಷಿ ಬೇಕಿಲ್ಲ. ಗುಳಿಯ ಮೇಲೆ ಹಸಿರು ಗುಬುಟು ಕೂತಿದ್ದರೆ ರೋಗವೇ ಬೇರೆ.

ಸಾಮಾನ್ಯವಾಗಿ ಪಾಲಿಸುವ ವೇಗದ ಮಿತಿ ತಣ್ಣೀರಿಗೆ ಸೆಕೆಂಡಿಗೆ ಸುಮಾರು 2.4 ಮೀಟರ್, ಬಿಸಿನೀರಿಗೆ 1.5 ಮೀಟರ್. ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಒಂದು ಮೀಟರಿಗಿಂತಲೂ ಕಡಿಮೆ. ಪೈಪಿನ ಒಳವ್ಯಾಸ ಅರ್ಧವಾದರೆ ಅಷ್ಟೇ ನೀರಿಗೆ ವೇಗ ನಾಲ್ಕು ಪಟ್ಟಾಗುತ್ತದೆ ಎಂಬುದು ನೆನಪಿರಲಿ. ನೀರು ಆಮ್ಲೀಯವಾಗಿದ್ದರೆ ಅಥವಾ ಗಾಳಿಯ ಗುಳ್ಳೆಗಳು ಸೇರಿಕೊಂಡಿದ್ದರೆ ಸವೆತ ಇನ್ನೂ ಚುರುಕು.

ನಲ್ಲಿ ತೆರೆದಾಗ ಮಾತ್ರ ಹರಿಯುವ ಪೈಪಿಗೆ ಈ ಕಾಟ ಕಡಿಮೆ. ಪಂಪು ಹಗಲಿರುಳೂ ಬಿಸಿನೀರನ್ನು ಸುತ್ತಿಸುವ ವ್ಯವಸ್ಥೆಯಲ್ಲೇ ಹೆಚ್ಚು, ಅದರಲ್ಲೂ ‘ದೊಡ್ಡದೇ ಇರಲಿ’ ಎಂದು ಅಗತ್ಯಕ್ಕಿಂತ ಬಲವಾದ ಪಂಪು ಕೂರಿಸಿದ ಕಡೆ. ಆದ್ದರಿಂದ ಎಲ್ಬೋ ಬದಲಿಸುವ ಮುನ್ನ ಪಂಪಿನ ವೇಗ ತಗ್ಗಿಸಿ. ಇಲ್ಲದಿದ್ದರೆ ಹೊಸದೂ ಸೋರುತ್ತದೆ. ಅದು ಸಾಲದಿದ್ದರೆ ಅಗಲದ ಪೈಪು ಹಾಕಿಸಿ. ನೀರಿನ ಬಿಸಿಯನ್ನು ಮಾತ್ರ ಮನಬಂದಂತೆ ಇಳಿಸಬೇಡಿ: ಟ್ಯಾಂಕಿನ ನೀರು 60 ಡಿಗ್ರಿಗಿಂತ ತೀರಾ ಕೆಳಗಿಳಿದರೆ ನ್ಯುಮೋನಿಯಾ ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶವಾಗುತ್ತದೆ.