ಮಾರಿ ನೋಡಿದ್ರ ತಿಳಿಯಂಗಿಲ್ಲೇನ್ರಿ?

ಕಲಬುರಗಿಯೊಳಗ ಮನೋವೈದ್ಯ ಅಂತ ಬೋರ್ಡ್ ಹಾಕಿ ಕುಂತಾಗಿಂದ ಈ ಮಾತು ಕೇಳದ ವಾರ ಇಲ್ಲ. ಸ್ಕಿಜೋಫ್ರೇನಿಯಾ ಅನ್ನೋ ಮನಸ್ಸಿನ ಜಡ್ಡು ಇರೋ ಮಗನ್ನ ಕರ್ಕೊಂಡು ಬಂದ ತಾಯಿ, "ನಾವು ಏನೂ ಅಂದೇ ಇಲ್ರಿ ಸಾಹೇಬ್ರ, ಸುಮ್ನ ನೋಡಿದ್ರ ಸಾಕು ಯಾಕ ಸಿಟ್ಟ ಮಾಡ್ತಿ ಅಂತ ಮೈಮ್ಯಾಗ ಬರ್ತಾನ, ಹಡದವ್ವನ ಮಾರಿ ನೋಡಿದ್ರ ತಿಳಿಯಂಗಿಲ್ಲೇನು?" ಅಂತಾಳ. ತಿಳಿಯಂಗಿಲ್ಲವ್ವಾ. ಅದ ಜಡ್ಡು.

ಕಿವ್ಯಾಗ ಧ್ವನಿ ಕೇಳೋದು, ಸಂಶಯ, ಅವೆಲ್ಲಾ ನಿಮಗ ಗೊತ್ತದ, ಬಿಡ್ರಿ. ಇದು ಬ್ಯಾರೆ. ಎದುರಿಗಿದ್ದವರು ಯಾರಂತ ಸಾಮಾನ್ಯವಾಗಿ ಗೊತ್ತಾಗ್ತದ, ಆದ್ರ ಆ ಮಾರಿ ಏನ್ ಹೇಳ್ಲಾಕತ್ತದ ಅನ್ನೋದು ತಪ್ತದ. ನಗು ತಕ್ಕಮಟ್ಟಿಗೆ ಹಿಡೀತಾರ, ಅಂಜಿಕಿ, ದುಃಖ, ಸಿಟ್ಟು ಒಂದರಾಗೊಂದು ಕಲಸಿಹೋಗ್ತಾವ. ಭಾಳ ತ್ರಾಸ ಕೊಡೋದು ಖಾಲಿ ಮಾರಿ: ನೀವು ತೊಗರಿ ರೇಟ್ ವಿಚಾರ ಮಾಡ್ಕೋತ ಕುಂತಿರ್ತೀರಿ, ಅವಗ ಅದು ಧಮಕಿ ಕೊಟ್ಟಂಗ ಕಾಣಬಹುದು. ಮೇ ತಿಂಗಳ ಬಿಸಲಾಗಂತೂ ನಮ್ಮೂರಾಗ ಎಲ್ಲಾರ ಹುಬ್ಬೂ ಗಂಟೇ, ನನ್ನವೂ. ಕಣ್ಣಿನ ಓಡಾಟ ಅಳೆದು ನೋಡ್ಯಾರ, ನಾವು ಎದುರಿನವರ ಕಣ್ಣು ಬಾಯಿ ಕಡೆ ತಿರುತಿರುಗಿ ನೋಡ್ತೀವಿ, ಇವರ ನೋಟ ಅಲ್ಲಿ ಕಮ್ಮಿ ನಿಲ್ತದ. ಬೆಂಗಳೂರಿನ ನಿಮ್ಹಾನ್ಸ್‌ನವರು ಇದನ್ನ ಪರೀಕ್ಷೆ ಮಾಡ್ಲಿಕ್ಕೇ ನಮ್ಮ ದೇಶದವರ ಮಾರಿ ಇಟ್ಟು ಟ್ರೆಂಡ್ಸ್ ಅಂತ ಒಂದು ಸಾಧನ ಮಾಡ್ಯಾರ. ಎಲ್ಲಾರಿಗೂ ಒಂದೇ ಪ್ರಮಾಣದಾಗ ಇರ್ತದಂತ ನಾ ಹೇಳಂಗಿಲ್ಲ. ಆದ್ರ ಗುಳಗಿಗೆ ಧ್ವನಿ ಕಮ್ಮಿ ಆದಷ್ಟು ಇದು ಕಮ್ಮಿ ಆಗಂಗಿಲ್ಲ, ಅದಕ್ಕ ಮನ್ಯಾಗ "ಆರಾಮ ಆಗ್ಯಾನ, ಈಗ ಬೇಕಂತ್ಲೇ ಜಗಳಾ ತಗೀತಾನ" ಅಂತೀರಿ.

ಆಳಂದ ಕಡಿಂದ ಒಬ್ಬ ಹುಡುಗ ಬರ್ತಿದ್ದ, ಗುರುತು ಸಿಗಬಾರದಂತ ಸ್ವಲ್ಪ ಬದಲಿ ಮಾಡಿ ಹೇಳ್ತೀನಿ. ಜೊತಿಗಿ ಸೋದರಮಾವ. ಮಾವ ದವಡಿಯೊಳಗ ತಂಬಾಕ ಇಟ್ಕೊಂಡು ಪಿಟ್ಟನ್ನದೆ ಕುಂತಾನ, ಹುಡುಗ ನನ್ನ ಕಿವ್ಯಾಗ, "ಮಾವ ನನ್ನ ಹೊಡೀತಾನ್ರಿ." ತಾಯಿ, "ಅಂವ ಬಾಯೇ ಬಿಟ್ಟಿಲ್ಲಲ್ರಿ!" ಅದ ನಾ ಹೇಳೋದು, ಬಾಯಿ ಬಿಡ್ರಿ! ಉಗುಳಿ ಬರ್ರಿ ಅಂತ ಮಾವನ್ನ ಹೊರಗ ಕಳಿಸ್ದೆ, ಬಂದು ನನ್ನ ಮುಂದ "ನಿನ್ಮ್ಯಾಗ ಸಿಟ್ಟಿಲ್ಲಪ್ಪಾ, ಹಲ್ಲು ನೋಯ್ಲಾಕತ್ತದ" ಅಂದ. ಹುಡುಗ ಭುಜ ಇಳಿಸಿ ಕುಂತ. ಇಷ್ಟೇ ಕೇಳೋದು ನಾ. ಸಿಟ್ಟಿದ್ರ ಸಿಟ್ಟದ ಅನ್ರಿ, ದಣಿವಾಗಿದ್ರ ದಣಿವಾಗ್ಯದ ಅನ್ರಿ, ಮಾರಿ ಮ್ಯಾಗ ಬಿಡಬ್ಯಾಡ್ರಿ. ಹತ್ತು ಸಲ ಹೇಳಿದ್ರೂ ಮುಂದಿನ ತಿಂಗಳು ಬಂದು "ನಮ್ಮ ಮಾರಿ ನೋಡಿ..." ಅಂತ್ಲೇ ಚಾಲು ಮಾಡ್ತೀರಿ.

ಇನ್ನ ಅವನ ಮಾರಿ. "ಅಜ್ಜಿ ಸತ್ರ ಕಣ್ಣಾಗ ಹನಿ ನೀರಿಲ್ಲ, ಕಲ್ಲು" ಅಂತಾರ. ಮಾರಿ ಮ್ಯಾಗ ಕಾಣದಿದ್ರೂ ಒಳಗ ಇರ್ತದ. ಇದೇ ಹುಡುಗ, ಮೂರು ದಿನ ರೊಟ್ಟಿ ಗಂಟಲಾಗ ಇಳೀಲಿಲ್ರಿ ಅಂದ ನನಗ. ತಾಯಿಗೆ ಗೊತ್ತೇ ಇದ್ದಿಲ್ಲ. ಕೆಲವು ಗುಳಗಿಗಳಿಂದನೂ ಮಾರಿ ಬಿಗೀತದ, ಹಂಗ ಕಂಡ್ರ ಡಾಕ್ಟರಿಗಿ ಹೇಳ್ರಿ, ಡೋಸ್ ನೋಡ್ತಾರ, ನೀವ್ ನೀವೇ ಬಂದ್ ಮಾಡಿ ಬರಬ್ಯಾಡ್ರಿ.