ಝೊಂಗ್ ಮತ್ತು ಜೋಳದ ಪಾಳಿ

ಪ್ರಾಚೀನ ಚೀನಾದ ಚಿಂತನೆಯಲ್ಲಿ ‘ಝೊಂಗ್’ ಎಂಬ ಪದ ಕಂಡಲ್ಲೆಲ್ಲ ‘ಸ್ವಾಮಿನಿಷ್ಠೆ’ ಎಂದೋ ‘ದೇಶಭಕ್ತಿ’ ಎಂದೋ ಬರೆದು ಮುಂದೆ ಸಾಗುವ ರೂಢಿ ಬೇರೂರಿದೆ. ಅದರಿಂದ ಮೂಲದ ಅರ್ಥವೇ ತಲೆಕೆಳಗಾಗುವುದರಿಂದ ಇದನ್ನು ಸ್ಪಷ್ಟವಾಗಿ ಹೇಳಲೇಬೇಕಾಗಿದೆ.

ಈ ಪದದ ಲಿಪಿಚಿಹ್ನೆಯಲ್ಲಿ ಮೇಲೆ ‘ನಡು’, ಕೆಳಗೆ ‘ಹೃದಯ’ ಇವೆ. ಮೇಲಿನ ಭಾಗ ಮುಖ್ಯವಾಗಿ ಉಚ್ಚಾರಣೆಯನ್ನು ಸೂಚಿಸುವುದರಿಂದ ‘ನಟ್ಟನಡುವೆ ನಿಂತ ಹೃದಯ’ ಎಂಬ ಚೆಲುವಾದ ವ್ಯುತ್ಪತ್ತಿಗೆ ಮರುಳಾಗದೆ ಪ್ರಯೋಗಗಳನ್ನು ನೋಡುವುದು ಒಳ್ಳೆಯದು. ಕನ್‌ಫ್ಯೂಷಿಯಸ್‌ನ ಶಿಷ್ಯ ಝೆಂಗ್‌ಝಿ, ಇನ್ನೊಬ್ಬರ ಕಾರ್ಯಕ್ಕೆ ಆಲೋಚನೆ ಹೇಳುವಾಗ ತನ್ನಲ್ಲಿ ಝೊಂಗ್, ಅಂದರೆ ಮನಃಪೂರ್ವಕವಾದ ಪ್ರಾಮಾಣಿಕತೆ, ತಪ್ಪಿತೇ ಎಂದು ದಿನವೂ ಪರೀಕ್ಷಿಸಿಕೊಳ್ಳುತ್ತಿದ್ದ. ಅಲ್ಲಿ ಅರಸನ ಸುಳಿವೇ ಇಲ್ಲ. ಕ್ರಿ.ಪೂ. 706ರ ಪ್ರಸಂಗವೊಂದರಲ್ಲಿ ಸುಯಿ ರಾಜ್ಯದ ಮಂತ್ರಿ ಜೀ ಲ್ಯಾಂಗ್, ಮೇಲಿರುವವನು ಪ್ರಜೆಗಳ ಹಿತವನ್ನು ಚಿಂತಿಸುವುದೇ ಝೊಂಗ್ ಎನ್ನುತ್ತಾನೆ. ಇಲ್ಲಿ ಅದನ್ನು ಸಲ್ಲಿಸಬೇಕಾದವನು ಅರಸನೇ.

ಉಂಡ ಜೋಳದ ಋಣಕ್ಕೆ ಒಡೆಯನಿಗಾಗಿ ಪ್ರಾಣ ಕೊಡುವ ಜೋಳದ ಪಾಳಿಯನ್ನು ಬಲ್ಲ ನಾವು ಅದೇ ಭಾವವನ್ನು ಚೀನಾದ ಮಂತ್ರಿಗಳಲ್ಲಿಯೂ ಹುಡುಕುತ್ತೇವೆ. ಆದರೆ ಕ್ರಿ.ಪೂ. 548ರಲ್ಲಿ ಚೀ ರಾಜ್ಯದ ಅರಸ ಝುವಾಂಗ್, ತನ್ನ ಮಂತ್ರಿ ತ್ಸುಯಿ ಝುವಿನ ಹೆಂಡತಿಯ ಸಂಗ ಮಾಡಿ ಅವನ ಮನೆಯಲ್ಲೇ ಕೊಲೆಯಾದಾಗ, ಬಾಗಿಲ ಹೊರಗೆ ನಿಂತಿದ್ದ ಅದೇ ರಾಜ್ಯದ ಮಂತ್ರಿ ಯಾನ್ ಯಿಂಗ್ ಈ ಲೆಕ್ಕಾಚಾರವನ್ನೇ ನಿರಾಕರಿಸಿದ. ನೀನೂ ಸಾಯುವೆಯಾ ಎಂದು ಕೇಳಿದವರಿಗೆ, ಮಂತ್ರಿಯಾದವನು ದುಡಿಯುವುದು ಬಾಯಿಗೆ ಬೀಳುವ ತುತ್ತಿಗಾಗಿಯೇನು, ಅವನು ಪೋಷಿಸಬೇಕಾದದ್ದು ಭೂಮಿ ಮತ್ತು ಧಾನ್ಯದ ದೇವತೆಗಳ ವೇದಿಕೆಗಳನ್ನಲ್ಲವೇ ಎಂದ. ಆ ವೇದಿಕೆಗಳಿಗಾಗಿ ಅರಸ ಸತ್ತರೆ ತಾನೂ ಸಾಯಬಹುದು. ಅರಸ ತನ್ನ ಸ್ವಂತ ಕಾರಣಕ್ಕೆ ಸತ್ತರೆ ಆಪ್ತ ಪರಿವಾರದವರ ಹೊರತು ಆ ಹೊಣೆ ಯಾರದು? ಹೀಗೆಂದವನು ಬಾಗಿಲು ತೆರೆದಾಗ ಒಳಹೊಕ್ಕು, ಶವಕ್ಕೆ ತೊಡೆಗೊಟ್ಟು ಅತ್ತು, ವಿಧಿಯಂತೆ ಶೋಕ ಸಲ್ಲಿಸಿ ಹೊರಟುಹೋದ. ದುಃಖವಿತ್ತು, ಮರ್ಯಾದೆಯಿತ್ತು, ಸಹಮರಣವಿರಲಿಲ್ಲ.

ಭೂಮಿ ಮತ್ತು ಧಾನ್ಯದ ಈ ವೇದಿಕೆಗಳೇ ರಾಜ್ಯದ ಸಂಕೇತ. ಕನ್‌ಫ್ಯೂಷಿಯಸ್ ಪರಂಪರೆಯ ಚಿಂತಕ ಮೆನ್ಸಿಯಸ್ ಪ್ರಜೆಗಳನ್ನು ಎಲ್ಲಕ್ಕಿಂತ ಮೇಲಿಟ್ಟು, ವೇದಿಕೆಗಳಿಗೆ ಎರಡನೆಯ ಸ್ಥಾನ ಕೊಟ್ಟು, ಅರಸನನ್ನು ಕೊನೆಗಿರಿಸಿದ. 1993ರಲ್ಲಿ ಗ್ವೊದ್ಯನ್‌ನ ಸಮಾಧಿಯಲ್ಲಿ ದೊರೆತ ಬಿದಿರು ಪಟ್ಟಿಗಳಲ್ಲಿ, ಅರಸನ ದೋಷಗಳನ್ನು ಸದಾ ಎತ್ತಿ ಹೇಳುವವನೇ ಝೊಂಗ್ ಉಳ್ಳ ಮಂತ್ರಿ ಎಂದು ಕನ್‌ಫ್ಯೂಷಿಯಸ್‌ನ ಮೊಮ್ಮಗ ಝಿಸಿ ಲೂ ರಾಜ್ಯದ ಅರಸನಿಗೇ ಹೇಳುವ ಪ್ರಸಂಗವಿದೆ.

ಇನ್ನು ‘ದೇಶಭಕ್ತಿ’. ಅಂದಿನ ‘ಗ್ವೊ’ ಎಂದರೆ ಒಬ್ಬ ಒಡೆಯನ ರಾಜ್ಯ, ಎಷ್ಟೋ ಸಲ ಅವನ ಕೋಟೆನಗರ ಮಾತ್ರ. ಲೂ ರಾಜ್ಯದಲ್ಲಿ ಹುಟ್ಟಿದ ಕನ್‌ಫ್ಯೂಷಿಯಸ್ ತನ್ನ ಮಾತು ಕೇಳುವ ಅರಸನನ್ನು ಅರಸುತ್ತ ರಾಜ್ಯದಿಂದ ರಾಜ್ಯಕ್ಕೆ ಅಲೆದದ್ದನ್ನು ದ್ರೋಹವೆಂದು ಅವನ ಶಿಷ್ಯರು ಭಾವಿಸಲಿಲ್ಲ. ಬೆನ್ನಿನ ಮೇಲೆ ರಾಜ್ಯದ ಋಣ ತೀರಿಸುವೆನೆಂಬ ಹಚ್ಚೆ ಹೊತ್ತ ಸೇನಾನಿ ಯುಯೆ ಫೆಯ್ 1142ರಲ್ಲಿ ಸತ್ತವನು. ಅವನ ಝೊಂಗ್ ಅನ್ನು ಕನ್‌ಫ್ಯೂಷಿಯಸ್‌ನ ಕಾಲಕ್ಕೆ ಒಯ್ದು ಓದಿದರೆ ನಡುವಿನ ಸಾವಿರದ ಆರುನೂರು ವರ್ಷಗಳನ್ನು ಅಳಿಸಿದಂತಾಗುತ್ತದೆ.